ಮುಂದಿನ ವಾರದ ಪುಟ

ಗಂಜಿ ಕುಡಿಯುತ್ತಿದ್ದ ಹೊನ್ನಿಯ ತುಟಿ ಆ ದಿನವೂ ನೀಲಿಗಟ್ಟಿತು. ರುದ್ರಾಣಿ ಬಟ್ಟಲನ್ನು ಪಕ್ಕಕ್ಕಿಟ್ಟು ಮಗಳನ್ನು ತೊಡೆಯ ಮೇಲೆಳೆದುಕೊಂಡು, ಎದೆಗೆ ಕಿವಿಯಿಟ್ಟು ಕೂತಳು. ನಾಲ್ಕು ವರ್ಷದ ಕೂಸಿನ ಗುಂಡಿಗೆ ಓಡುತ್ತ ಓಡುತ್ತ ಎಡವುತ್ತಿತ್ತು, ಒಂದು ಗಳಿಗೆ ನಿಂತು ಮತ್ತೆ ಓಡುತ್ತಿತ್ತು. ಎಡವುವ ಆ ತಾಳ ರುದ್ರಾಣಿಗೆ ಚೆನ್ನಾಗಿ ಗೊತ್ತು. ಗುಡ್ಡದ ಸುತ್ತ ನಿಂತಿರುವ ಕೊಳವೆಗಳ ತಾಳ ಅದು. ಆ ತಾಳ ತಪ್ಪದಂತೆ ನೋಡಿಕೊಳ್ಳುವುದೇ ಅವಳ ಕೆಲಸವಾಗಿತ್ತು.

"ಅವ್ವಾ, ಎದೇಲಿ ಯಾರೋ ಬಾಗ್ಲು ಬಡೀತಾರೆ," ಎಂದಳು ಹೊನ್ನಿ.

"ಬಡೀಲಿ ಬಿಡು ಮಗಾ. ನಾವು ತೆಗೆಯಲ್ಲ," ಎಂದು ರುದ್ರಾಣಿ ನಕ್ಕಳು.

ಈ ಕೊಳವೆಗಳ ಕಥೆಯನ್ನು ರುದ್ರಾಣಿಯ ಮುತ್ತಜ್ಜನಿಂದಲೇ ಶುರುಮಾಡಬೇಕು. ತಿಪ್ಪೇರುದ್ರಪ್ಪನವರು ಚಿತ್ರದುರ್ಗದಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಸಾಧು ಮನುಷ್ಯ. ಅವರ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಚಿತ್ರಗಾರನೊಬ್ಬ ನಲ್ಲಿ ನೀರಿನ ವಿಷಯಕ್ಕೆ ಅವರ ಜೊತೆ ಜಗಳ ತೆಗೆದ. ಆತ ಮಕ್ಕಳ ವಾರಪತ್ರಿಕೆಯೊಂದಕ್ಕೆ ಗರುಡಗಣ್ಣ ಎಂಬ ಹಾರುವ ವೀರನ ಚಿತ್ರಕಥೆ ಬರೆಯುತ್ತಿದ್ದ. ವೀರನಿಗೊಬ್ಬ ವೈರಿ ಬೇಕಾಗಿತ್ತು. ಮರುವಾರವೇ ಡಾಕ್ಟರ್ ಮಂದ್ರ ಹುಟ್ಟಿದ. ಕೊಕ್ಕಿನಂಥ ಮೂಗು, ಎಡಗೆನ್ನೆಯ ನರಹುಲಿ, ಕಂಕುಳಲ್ಲಿ ಮಡಿಸಿದ ಕೊಡೆ, ಎಲ್ಲವೂ ತಿಪ್ಪೇರುದ್ರಪ್ಪನವರದೇ. ಕಿವಿಗೆ ಕೇಳದಷ್ಟು ತಗ್ಗಿನ ಸ್ವರ ಹೊರಡಿಸಿ ಊರಿಗೆ ಊರನ್ನೇ ಭಯದಿಂದ ಮಂಡಿಯೂರಿಸುವುದು ಅವನ ಅಸ್ತ್ರ.

ಆಮೇಲೆ ಮೇಷ್ಟ್ರು ಬೀದಿಗಿಳಿಯುವಂತಿರಲಿಲ್ಲ. ಹುಡುಗರು ಅವರನ್ನು ಕಂಡರೆ ಎದೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದರು. ಹಾಜರಿ ಕೂಗಿದರೆ ಕ್ಲಾಸಿನ ಹುಡುಗರು "ಪ್ರೆಸೆಂಟ್ ಡಾಕ್ಟರ್" ಅನ್ನುತ್ತಿದ್ದರು. ಮೇಷ್ಟ್ರಿಗೆ ಡಾಕ್ಟರೇಟ್ ಸಿಕ್ಕಿರಲಿಲ್ಲ, ಅದೂ ಒಂದು ನೋವು. ವರ್ಷಗಟ್ಟಲೆ ನುಂಗಿಕೊಂಡು, ಕೊನೆಗೆ ಕೆಲಸ ಬಿಟ್ಟು ಮನೆಯೊಳಗೆ ಕೂತರು. ಹೀಗಿರುವಾಗ ನಾಲ್ಕೈದು ಯುವಕರು ಬಾಗಿಲು ತಟ್ಟಿ, ನಮಗೆ ಗರುಡಗಣ್ಣ ಬೇಡ, ನೀವೇ ಬೇಕು ಎಂದರು. ಮೊದಲ ಸಲ ಬೈದು ಅಟ್ಟಿದರು. ಎರಡನೇ ಸಲ ಕೂರಿಸಿ ಚಹಾ ಕೊಟ್ಟರು. ಆ ಚಹಾ ಕೊಡದೆ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹಗಲೂ ರಾತ್ರಿ ಕೇಡಿಗ ಅನ್ನಿಸಿಕೊಂಡವನಿಗೆ ಯಾರಾದರೂ ಅದಕ್ಕಾಗಿಯೇ ಕೈಮುಗಿದರೆ ಎಷ್ಟು ಹಿತವಾಗುತ್ತದೋ, ಪಾಪ.

ಮುಚ್ಚಿಹೋದ ತಾಮ್ರದ ಗಣಿಯೊಂದರ ಗುಡ್ಡಕ್ಕೆ ಅವರೆಲ್ಲ ಹೋಗಿ ನೆಲೆಸಿದರು. ಗಣಿಯವರು ಬಿಟ್ಟುಹೋದ ಮನೆಗಳಿದ್ದವು, ಕ್ಯಾಂಟೀನಿತ್ತು, ಆಳೆತ್ತರದ ಕಬ್ಬಿಣದ ಕೊಳವೆಗಳಿದ್ದವು. ಗಾಳಿಯಂತ್ರ ನೆಟ್ಟ ಮೇಲೆ ಕರೆಂಟೂ ಬಂತು. ಕೊಳವೆಯ ಬುಡಕ್ಕೆ ಚರ್ಮದ ಪರದೆ ಬಿಗಿದು, ಕರೆಂಟಿನಿಂದ ಅದನ್ನು ನಿಧಾನವಾಗಿ ತಳ್ಳಿ ಎಳೆದು ಆಡಿಸಿದರೆ ಕಿವಿಗೆ ಕೇಳದ, ಎದೆಗೆ ಮಾತ್ರ ಕೇಳುವ ಸ್ವರ ಹುಟ್ಟುತ್ತದೆ. ಗುಡ್ಡದ ಸುತ್ತ ಅಂಥ ಹನ್ನೆರಡು ಕೊಳವೆಗಳು ನಿಂತವು. ಅವುಗಳ ಸ್ವರ ಕೂಡುವ ಕಡೆ ಬೇಲಿ. ಕಣ್ಣಿಗೆ ಏನೂ ಕಾಣದು, ಹೆಜ್ಜೆಯಿಟ್ಟವನಿಗೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಒಳಗಿರುವವರಿಗೆ ಅಷ್ಟಿಲ್ಲ, ಎದೆಯೊಳಗೆ ಸಣ್ಣ ಗುದ್ದು, ಹುಟ್ಟಿದಾಗಿನಿಂದ ರೂಢಿಯಾದದ್ದು.

ಚಿತ್ರಕಥೆಯ ಕೊನೆಯ ಕಂತಿನಲ್ಲಿ ಗರುಡಗಣ್ಣ ಡಾಕ್ಟರ್ ಮಂದ್ರನನ್ನು ಅವನದೇ ಸ್ವರದ ಬೇಲಿಯೊಳಗೆ ಕೂಡಿಹಾಕುತ್ತಾನೆ. ಕೆಳಗೆ 'ಮುಂದಿನ ವಾರ' ಎಂದಿದೆ. ಆ ವಾರ ಪತ್ರಿಕೆಯೇ ನಿಂತುಹೋಯಿತು. ಹಾಗಾಗಿ ಗುಡ್ಡದ ಜನ ಬೇಲಿಯೊಳಗೇ ಕೂತು ಮುಂದಿನ ವಾರಕ್ಕಾಗಿ ಕಾಯುತ್ತಾರೆ. ಮುತ್ತಜ್ಜ ಕಾದ, ಅಜ್ಜ ಕಾದ. ಸತ್ತವರಿಗೆ ಮಣ್ಣು ಹಾಕುವಾಗಲೂ "ಮುಂದಿನ ವಾರ ಸಿಗಾನ" ಅನ್ನುವುದೇ ಅಲ್ಲಿಯ ಪದ್ಧತಿ. ಕಥೆಯಲ್ಲಿ ಬೇಲಿ ತೆರೆಯುವ ತನಕ ಗುಡ್ಡದಲ್ಲಿ ಯಾರೂ ತೆರೆಯುವಂತಿಲ್ಲ. ಈಗ ಡಾಕ್ಟರ್ ಮಂದ್ರನ ಗಾದಿಯಲ್ಲಿ ಕೂತಿರುವವಳು ರುದ್ರಾಣಿಯ ತಾಯಿ ಸರ್ವಮಂಗಳ. ಎಲ್ಲರೂ ಅವಳನ್ನು ಡಾಕ್ಟರಮ್ಮ ಅನ್ನುತ್ತಾರೆ.

ಗಂಗಕ್ಕ, ಗುಡ್ಡಕ್ಕೆ ಮೊದಲು ಬಂದ ನರ್ಸೊಬ್ಬಳಿಂದ ಕೆಲಸ ಕಲಿತವಳು. ಅವಳು ಹೊನ್ನಿಯ ಉಗುರು ನೋಡಿದಳು, ಬೆನ್ನಿಗೆ ಕಿವಿ ಕೊಟ್ಟಳು, ಆಮೇಲೆ ರುದ್ರಾಣಿಯನ್ನು ಅಡುಗೆಮನೆಗೆ ಕರೆದಳು.

"ಗುಂಡಿಗೇಲಿ ತೂತು ಐತೆ ಅನ್ಸುತ್ತೆ ಕಣೇ. ಹೊರಗಡೆ ಆಗಿದ್ರೆ ಒಂದು ಆಪರೇಷನ್ನು, ಮುಗೀತು. ಇಲ್ಲಿ ಈ ಕೊಳವೆ ಬೇರೆ ದಿನಾ ಗುದ್ತಾವೆ. ಈ ಮಳೆಗಾಲ ದಾಟೋದು ಕಷ್ಟ."

ರುದ್ರಾಣಿ ಅಲ್ಲಿಂದ ಎದ್ದು ನೆಟ್ಟಗೆ ತಾಯಿಯ ಮನೆಗೆ ಹೋದಳು. ಡಾಕ್ಟರಮ್ಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಒಂದು ದಿನ ಕೊಳವೆ ನಿಲ್ಸು. ಒಂದೇ ದಿನ. ಕೂಸನ್ನ ದುರ್ಗದ ಆಸ್ಪತ್ರೆಗೆ ತೋರಿಸ್ಕೊಂಡ್ ಬರ್ತೀನಿ."

"ನಿಲ್ಸಿದ್ರೆ ಗುಡ್ಡಕ್ಕೆ ಗುಡ್ಡಾನೇ ಎದ್ದು ನಿಲ್ಲುತ್ತೆ. ಹುಟ್ಟಿದಾಗಿಂದ ಎದೇಲಿ ಇರೋ ಗುದ್ದು ನಿಂತ್ರೆ ಯಾರಿಗ್ ಗೊತ್ತಾಗಲ್ಲ ಹೇಳು? ಸಾಯಂಕಾಲದೊಳಗೆ ಕಾವಲಿನ ನಾಗಭೂಷಣ ನನ್ನ ಇಳಿಸಿ ತಾನು ಕೂರ್ತಾನೆ. ಅವನು ಕೂತ್ರೆ ಕೊಳವೆ ಇನ್ನೂ ಜೋರು ಮಾಡ್ತಾನೆ."

"ಅವಳು ನಿನ್ ಮೊಮ್ಮಗಳು ಅವ್ವ."

"ಗೊತ್ತೈತೆ," ಎಂದಳು ಡಾಕ್ಟರಮ್ಮ. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ರಾಶಿಗೂ ಹಾಕುತ್ತಿದ್ದಳು. ಅದು ಅವಳಿಗೆ ಗೊತ್ತಾಗಲಿಲ್ಲ, ರುದ್ರಾಣಿಗೂ ಆಗ ಕಾಣಲಿಲ್ಲ. ಸಿಟ್ಟಿನಿಂದ ಎದ್ದು ಬಂದಳು.

ಗುಡ್ಡದವರ ಬಗ್ಗೆ ಯಾರಿಗೆ ಹೇಳಿದರೂ ನಗು ಬರುವುದು ಒಂದು ವಿಷಯಕ್ಕೆ. ಡಾಕ್ಟರ್ ಮಂದ್ರ ಪ್ರತಿ ಕಂತಿನಲ್ಲೂ ಗರುಡಗಣ್ಣನನ್ನು ಹಿಡಿದು, ಕುರ್ಚಿಗೆ ಕಟ್ಟಿ, ತಾನು ಮಾಡಲಿರುವುದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿ, "ಇನ್ನು ನಿನ್ನನ್ನು ಯಾರೂ ಕಾಪಾಡಲಾರರು" ಎಂದು ಹೇಳಿ, ಹಿಂದಿರುಗಿ ನೋಡದೆ ಹೊರಟುಬಿಡುತ್ತಿದ್ದ. ಗರುಡಗಣ್ಣ ಪ್ರತಿ ಸಲವೂ ತಪ್ಪಿಸಿಕೊಳ್ಳುತ್ತಿದ್ದ. ಓದುವ ಮಕ್ಕಳಿಗೆ ಇವನೊಬ್ಬ ಪೆದ್ದ. ಗುಡ್ಡದವರಿಗೆ ಹಾಗಲ್ಲ. ಮುಚ್ಚಿಟ್ಟು ಕೆಡುಕು ಮಾಡುವವರೇ ತುಂಬಿದ ಲೋಕದಲ್ಲಿ ಬಾಯಿಬಿಟ್ಟು ಹೇಳಿ ಮಾಡಿದವನು ಅವನೊಬ್ಬನೇ ಎಂದು ಅವರ ನಂಬಿಕೆ. ಅದಕ್ಕೆ ಬಿತ್ತರ ಎಂದು ಹೆಸರು. ಯಾರಿಗೆ ಏನೇ ಮಾಡುವುದಿದ್ದರೂ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಹೇಳಿ, ಆಮೇಲೆ ಮಾಡಬೇಕು. ಸೊಸೆ ಅತ್ತೆಯನ್ನು ಕೂರಿಸಿ ಇವತ್ತು ಸಾರಿಗೆ ಉಪ್ಪು ಕಮ್ಮಿ ಹಾಕ್ತೀನಿ ಅನ್ನುತ್ತಾಳೆ. ಕೋಳಿ ಕೊಯ್ಯುವವನು ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿವರಿಸುತ್ತಾನೆ. ಹೇಳದೆ ಏನಾದರೂ ಮಾಡಹೊರಟರೆ ಆ ಜನಕ್ಕೆ ಗಂಟಲು ಕಟ್ಟುತ್ತದೆ, ಕೈ ನಡುಗುತ್ತದೆ.

ರುದ್ರಾಣಿಯ ಗಂಡ ಪಾಲಯ್ಯ ಸತ್ತದ್ದೇ ಹೀಗೆ. ಗಾಳಿ ಬಿದ್ದು ಕೊಳವೆಗಳು ಮಂಕಾಗಿದ್ದ ದಿನ ಬೇಲಿ ದಾಟಬೇಕೆಂದು ಅವನು ಲೆಕ್ಕ ಹಾಕಿದ್ದ. ದಾಟುವ ಮೊದಲು ಕಾವಲಿನ ಯಜಮಾನ ನಾಗಭೂಷಣನನ್ನು ಕೂರಿಸಿ ಎಲ್ಲವನ್ನೂ ಹೇಳಿದ. ನಾಗಭೂಷಣ ಗೌರವದಿಂದ ಕೇಳಿಸಿಕೊಂಡು, ಅವನನ್ನು ಕೂರಿಸಿ, ನೀನು ಬೇಲಿಯ ನಡುವೆ ಇರುವಾಗ ಬ್ಯಾಟರಿಯಿಂದ ಸ್ವರ ಏರಿಸುತ್ತೇನೆ ಎಂದು ಹೇಳಿದ. ಪಾಲಯ್ಯ ಆದರೂ ಹೊರಟ. ದಿಗಿಲು ಹಿಡಿದು ದಿಕ್ಕು ತಪ್ಪಿ ಓಡಿದವನು ಹಳೆಯ ಗಣಿಯ ಬಾವಿಗೆ ಬಿದ್ದ. ಎಲ್ಲರಿಗೂ ಎಲ್ಲವೂ ಗೊತ್ತಿದ್ದು ನಡೆದ ಸಾವು ಅದು.

ಕೊಳವೆಗಳನ್ನು ನಡೆಸುವ ಕೋಣೆಗೆ ಗಾಳಿಮನೆ ಎನ್ನುತ್ತಾರೆ. ಗೋಡೆಯ ಮೇಲೆ ಸಾಲಾಗಿ ಮೀಟರಿನ ಮುಳ್ಳುಗಳು. ಯಾವ ಎರಡು ಕೊಳವೆಗಳ ನಡುವೆ ಬೇಲಿ ಎಷ್ಟು ಬಿಗಿಯಾಗಿದೆ ಎಂದು ಅವು ತೋರಿಸುತ್ತವೆ. ಹಿಂದೊಮ್ಮೆ ಒಂಬತ್ತನೆಯ ಕೊಳವೆಯನ್ನು ರಿಪೇರಿ ಮಾಡಿದವರು ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದರು. ಉಳಿದವು ತಳ್ಳುವಾಗ ಅದು ಎಳೆಯುತ್ತಿತ್ತು. ಒಂಬತ್ತು, ಹತ್ತರ ನಡುವೆ ಎರಡು ಸ್ವರಗಳೂ ಒಂದನ್ನೊಂದು ಅಳಿಸಿಹಾಕಿ, ಗಾಡಿದಾರಿಯಷ್ಟು ಅಗಲದ ಜಾಗದಲ್ಲಿ ಏನೂ ಇರಲಿಲ್ಲ. ಮುಳ್ಳು ಸೊನ್ನೆಗೆ ಬಿದ್ದಿತ್ತು. ರುದ್ರಾಣಿ ಆಗ ಗಾಬರಿಯಾಗಿ ಸರಿಮಾಡಿಸಿದ್ದಳು.

ಈಗ ಅದೇ ಮುಳ್ಳನ್ನು ನೋಡುತ್ತ ಕೂತಳು. ಒಂದು ಕೊಳವೆಯ ತಂತಿ ತಿರುವಿದರೆ ಗುಡ್ಡದ ಒಳಗೆ ಯಾರಿಗೂ ಬೇಗ ಗೊತ್ತಾಗದು. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿ ಡಾಕ್ಟರಮ್ಮ ಕೊನೆಯ ಕಂತನ್ನು ಓದುವುದನ್ನು ಕೇಳುತ್ತಾರೆ. ಆ ಹೊತ್ತಿಗೆ ಮಗಳನ್ನು ಎತ್ತಿಕೊಂಡು ನಡೆದರೆ ಸಾಕು. ಕೆಳಗೆ ಡಾಂಬರು ರಸ್ತೆ, ರಸ್ತೆಯಲ್ಲಿ ಲಾರಿಗಳು. ಇಷ್ಟು ಸುಲಭವೇ ಎಂದು ಅವಳಿಗೆ ನಗು ಬಂತು.

ಸುಲಭವಾಗಿರಲಿಲ್ಲ. ಯೋಚನೆ ಹೊಳೆದ ಗಳಿಗೆಯಿಂದ ಗಂಟಲು ಕಟ್ಟಿತು. ತುತ್ತು ಇಳಿಯಲಿಲ್ಲ. ನೀರಿನ ಹಂಡೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು, ಗೋಡೆಗೆ ಹೇಳಿದಳು, ಪ್ರಯೋಜನವಾಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದರೆ ಕೈ ಗಡಗಡ ನಡುಗಿತು. ಪಾಲಯ್ಯನನ್ನು ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದಳು, ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಆಗುತ್ತಿರಲಿಲ್ಲವೇ ಎಂದು. ಈಗ ಅವನ ಕಷ್ಟ ಗೊತ್ತಾಯಿತು. ಬೇಲಿ ಹೊರಗೆ ಮಾತ್ರ ಇದ್ದಿದ್ದರೆ ಯಾರಾದರೂ ಎಂದೋ ದಾಟಿಬಿಡುತ್ತಿದ್ದರು.

ಅವ್ವನನ್ನು ಕೊನೆಯ ಸಲ ಒಮ್ಮೆ ನೋಡಿ ಬರುತ್ತೇನೆ, ಅಷ್ಟೇ, ಏನೂ ಹೇಳುವುದಿಲ್ಲ ಎಂದುಕೊಂಡು ಹೊರಟಳು. ಡಾಕ್ಟರಮ್ಮ ಅವಳನ್ನು ಕಂಡು ಕುರ್ಚಿ ಎಳೆದು, "ಕೂತ್ಕೋ ಬಾ, ಕೂಸು ಹೆಂಗೈತೆ?" ಎಂದಳು.

"ನೀನು ಕೂತ್ಕೋ ಅವ್ವ," ಎಂದಳು ರುದ್ರಾಣಿ.

ಮಾತು ಹೊರಬಿದ್ದ ಮೇಲೇ ಅವಳಿಗೆ ತಾನು ಏನಂದೆ ಎಂದು ತಿಳಿದದ್ದು. ಆ ಮಾತಿನ ಅರ್ಥ ಗುಡ್ಡದಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರಮ್ಮ ಬಾಗಿಲ ಕಡೆ ಕಣ್ಣು ತೋರಿಸಿದಳು, ಬೇಡ ಎಂದು ಕೈ ಅದುಮಿದಳು. ಬಾಗಿಲಲ್ಲಿ ನಾಗಭೂಷಣ ಚಪ್ಪಲಿ ಬಿಡುತ್ತಿದ್ದ. ರುದ್ರಾಣಿ ಅವನನ್ನು ಕಂಡಳು. ಕಂಡರೂ ನಿಲ್ಲಿಸಲಾಗಲಿಲ್ಲ. ಒಂಬತ್ತನೆಯ ಕೊಳವೆ, ತಿರುವಬೇಕಾದ ತಂತಿ, ನಾಳೆ ಮಧ್ಯಾಹ್ನ, ಕೆಳಗಿನ ರಸ್ತೆ, ಎಲ್ಲವೂ ಕಟ್ಟೆ ಒಡೆದು ಹೊರಬಂತು. ಬಿತ್ತರದ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ನಾಗಭೂಷಣ ತಲೆಬಾಗಿಸಿ ಕೊನೆಯವರೆಗೂ ಕೇಳಿದ. ಮುಗಿದಾಗ ರುದ್ರಾಣಿಯ ಮೈ ಹಗುರಾಗಿತ್ತು. ಆಮೇಲೆ ಮಗಳ ನೆನಪಾಗಿ ನೆಲಕ್ಕೆ ಕುಸಿದಳು.

"ಒಳ್ಳೇ ಬಿತ್ತರ ಕಣಮ್ಮ," ಎಂದ ನಾಗಭೂಷಣ, ಮನಸಾರೆ. "ಡಾಕ್ಟರಮ್ಮ, ಇನ್ನು ನೀವು ಮಾಡಬೇಕಾದ್ದು ಮಾಡಿ."

ಗಣಿಯ ಹಳೆಯ ಸ್ಟೋರ್ ರೂಮಿನಲ್ಲಿ ಅವಳನ್ನು ಕೂಡಿಹಾಕಿದರು. ಬೆಳಗಾಯಿತು, ಬಿಸಿಲೇರಿತು. ಹೊನ್ನಿ ಎಲ್ಲಿದ್ದಾಳೋ, ಗಂಜಿ ಕುಡಿದಳೋ ಇಲ್ಲವೋ ಯಾರೂ ಹೇಳಲಿಲ್ಲ. ಬಾಗಿಲು ಬಡಿದು ಬಡಿದು ಅಂಗೈ ಊದಿಕೊಂಡಿತು. ತನ್ನ ನಾಲಿಗೆಯನ್ನೇ ಕತ್ತರಿಸಿ ಎಸೆಯಬೇಕು ಅನ್ನಿಸಿತು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬೀಗ ತೆಗೆದ ಸದ್ದಾಯಿತು. ಡಾಕ್ಟರಮ್ಮ ಕೊಡೆ ಹಿಡಿದು, ಗಾದಿಯ ಕರಿ ಶಾಲು ಹೊದ್ದು ಒಳಗೆ ಬಂದಳು. ಹೊಸ್ತಿಲಲ್ಲಿ ನಾಗಭೂಷಣ ನಿಂತ, ಸಾಕ್ಷಿಗೆ.

ಡಾಕ್ಟರಮ್ಮ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಹಗ್ಗವನ್ನು ತಾನೇ ಕಟ್ಟಿದಳು. ಗಂಟು ಬಿದ್ದಾಗ ರುದ್ರಾಣಿಗೆ ಬೆರಳು ತಾಕಿ ಗುರುತು ಸಿಕ್ಕಿತು. ಚಿಕ್ಕವಳಿದ್ದಾಗ ಅವಳ ಜಡೆಗೆ ಟೇಪು ಕಟ್ಟುತ್ತಿದ್ದ ಹೂಗಂಟು ಅದು. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಅವಳು ತಲೆಯೆತ್ತಿದಳು. ತಾಯಿ ಅವಳನ್ನು ನೋಡದೆ ಗೋಡೆಯನ್ನು ನೋಡುತ್ತ ಶುರುಮಾಡಿದಳು.

"ಕೇಳು. ನಾನು ಮಾಡಿರೋದನ್ನೆಲ್ಲ ಹೇಳ್ತೀನಿ, ಒಂದೂ ಮುಚ್ಚಿಡಲ್ಲ. ಒಂಬತ್ತನೇ ಕೊಳವೆ ಹತ್ರ ಕಾವಲು ಹಾಕೀನಿ. ಕಾವಲಿನೋರು ಅಷ್ಟೂ ಜನ ಅಲ್ಲೇ ಇರ್ತಾರೆ, ಬೇರೆ ಎಲ್ಲೂ ಒಬ್ರೂ ಇರಲ್ಲ. ಮಿಕ್ಕ ಕೊಳವೆ ತಂತಿಗಳೆಲ್ಲ ಸಿಮೆಂಟಿನೊಳಗೆ ಹೋಗ್ಯಾವೆ, ಯಾರೂ ಮುಟ್ಟಾಕಾಗಲ್ಲ. ನಾಲ್ಕನೇದು ಒಂದು ಬಿಟ್ಟು. ಅದೂ ಒಂಬತ್ತರ ಹಂಗೇ ತಾತ ನೆಟ್ಟಿದ್ದು, ತಂತಿ ಪೆಟ್ಟಿಗೆ ಹೊರಗೇ ಐತೆ."

ನಾಗಭೂಷಣ ತಲೆದೂಗುತ್ತಿದ್ದ. ಇಷ್ಟು ಬಿಚ್ಚಿ ಹೇಳುವ ಡಾಕ್ಟರನ್ನು ಅವನು ಈ ಮೊದಲು ಕಂಡಿರಲಿಲ್ಲ. ನಾಲ್ಕನೆಯ ಕೊಳವೆಗೆ ಕಾವಲು ಹಾಕಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಕಥೆಯಲ್ಲಿ ಡಾಕ್ಟರ್ ಮಂದ್ರನಿಗೇ ಎಂದೂ ಹೊಳೆದಿರಲಿಲ್ಲ.

"ಈ ರೂಮಿಗೆ ಬೀಗ ಹಾಕ್ಕೊಂಡು ಹೋಗ್ತೀನಿ. ಹಿಂದ್ಲ ಕಿಟಕಿ ಸರಳು ಸಡಿಲ ಆಗೈತೆ, ರಿಪೇರಿಗೆ ಇನ್ನೂ ಹೇಳಿಲ್ಲ. ಹೊನ್ನಿ ಗಂಗಕ್ಕನ ಮನೇಲಿ ಅವಳೆ, ಬೆಳಗ್ಗೆ ಗಂಜಿ ಕುಡಿದಳೆ, ಗಂಗಕ್ಕ ಒಬ್ಬಳೇ ಇರ್ತಾಳೆ. ಮಿಕ್ಕೋರೆಲ್ಲ ಓದು ಕೇಳಾಕೆ ಬರ್ತಾರೆ. ಓದು ಮುಗಿಯೋವರ್ಗೂ ಒಬ್ರನ್ನೂ ಏಳಾಕ್ ಬಿಡಲ್ಲ ನಾನು."

ಇನ್ನು ಹೇಳಬೇಕಾದ ಮಾತು ಒಂದೇ ಉಳಿದಿತ್ತು. ಮಗಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ತಲೆಯ ಮೇಲೆ ಅಂಗೈಯಿಟ್ಟಳು.

"ಇನ್ನು ನಿನ್ನನ್ನು ಯಾರೂ ಕಾಪಾಡಲಾರರು," ಎಂದಳು.

ಆಶೀರ್ವಾದ ಮಾಡುವವರ ದನಿಯಲ್ಲಿ ಆಡಿದ ಮಾತದು. ಆಮೇಲೆ ಹಿಂದಿರುಗಿ ನೋಡದೆ ಹೋದಳು. ರುದ್ರಾಣಿಗೆ ಅವ್ವಾ ಎಂದು ಕೂಗಬೇಕೆನ್ನಿಸಿತು, ನಾನು ಈಗ ಏನು ಮಾಡುತ್ತೇನೆ ಗೊತ್ತಾ ಎಂದು ಹೇಳಬೇಕೆನ್ನಿಸಿತು. ತುಟಿಯನ್ನು ಹಲ್ಲಿನಡಿ ಕಚ್ಚಿ ಹಿಡಿದಳು. ಬಾಯಲ್ಲಿ ರಕ್ತದ ರುಚಿ ಬಂತು, ಮಾತು ಬರಲಿಲ್ಲ.

ಕ್ಯಾಂಟೀನಿನ ಸ್ಪೀಕರು ಗುಡ್ಡಕ್ಕೆಲ್ಲ ಕೇಳುವಂಥದು. ಓದು ಶುರುವಾದಾಗ ರುದ್ರಾಣಿ ಹಗ್ಗದ ತುದಿ ಎಳೆದಳು. ಸರಳು ಕೈಗೆ ಬಂತು. ಗಂಗಕ್ಕ ಏನೂ ಕೇಳದೆ ಮಗುವನ್ನು ಅವಳ ಕಂಕುಳಿಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಲ್ಕನೆಯ ಕೊಳವೆಯ ಬುಡದಲ್ಲಿ ಪೆಟ್ಟಿಗೆಯ ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಹೊಡೆದು ತೆಗೆದಳು. ಕರಿಯದನ್ನು ಬಿಚ್ಚಿ ಕೆಂಪಿನ ಜಾಗಕ್ಕೆ ಸಿಕ್ಕಿಸಲು ಹೋದರೆ ಜಾರಿ ಬಿತ್ತು, ಮತ್ತೆ ಬಿತ್ತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಅವ್ವ ಕೊನೆಯ ಪುಟಕ್ಕೆ ಬಂದಿದ್ದಳು. ಆ ಪುಟದ ಮಾತುಗಳು ಗುಡ್ಡದಲ್ಲಿ ಹುಟ್ಟಿದ ಎಲ್ಲರಿಗೂ ಬಾಯಿಪಾಠ.

"'ಹಾಹಾ ಗರುಡಗಣ್ಣ, ನನ್ನನ್ನು ಕೂಡಿಹಾಕಿದೆ ಎಂದುಕೊಂಡೆಯಾ?' ಮುಂದಿನ ವಾರ," ಎಂದು ಓದಿ ಅವ್ವ ನಿಲ್ಲಿಸಿದಳು.

ಇನ್ನು ಜನ ಏಳುತ್ತಾರೆ, ಚಾಪೆ ಸುತ್ತುತ್ತಾರೆ, ನಾಗಭೂಷಣ ಹೊರಗೆ ಬರುತ್ತಾನೆ. ತಂತಿ ಇನ್ನೂ ಕೈಯಲ್ಲೇ ಇತ್ತು. ಆಗ ಸ್ಪೀಕರಿನಲ್ಲಿ ಪುಟ ಮಗುಚಿದ ಸದ್ದು ಕೇಳಿಸಿತು. ಮಗುಚಲು ಅಲ್ಲಿ ಪುಟವೇ ಇರಲಿಲ್ಲ.

"ಡಾಕ್ಟರ್ ಮಂದ್ರನಿಗೆ ಒಬ್ಬಳು ಮಗಳಿದ್ದಳು," ಎಂದಳು ಅವ್ವ.

ಇಡೀ ಗುಡ್ಡ ಉಸಿರು ಬಿಡದೆ ಕೂತಿರಬೇಕು. ಒಂದು ಕೆಮ್ಮೂ ಕೇಳಲಿಲ್ಲ. ಮೂರು ತಲೆಮಾರು ಕಾದ ಮುಂದಿನ ವಾರ ಬಂದುಬಿಟ್ಟಿತ್ತು. ಹುಟ್ಟಿದ ಲಾಗಾಯ್ತು ಇನ್ನೊಬ್ಬರು ಬರೆದದ್ದನ್ನು ಬಿಟ್ಟು ಒಂದಕ್ಷರ ಆಚೀಚೆ ಓದದ ಸರ್ವಮಂಗಳ ಇಲ್ಲದ ಪುಟವನ್ನು ಓದುತ್ತಿದ್ದಳು. "ಗರುಡಗಣ್ಣನಿಗೂ ಅದು ಗೊತ್ತಿರಲಿಲ್ಲ. ಆ ಮಗಳು ಬೇಲಿಯೊಳಗೇ ಹುಟ್ಟಿ ಬೆಳೆದವಳು..."

ತಂತಿ ಸಿಕ್ಕಿಕೊಂಡಿತು.

ನಾಲ್ಕು, ಐದರ ನಡುವೆ ರುದ್ರಾಣಿ ಹೆಜ್ಜೆಯಿಟ್ಟಳು. ದಾರಿ ಎಲ್ಲಿದೆ ಎಂದು ಕಣ್ಣಿಗೆ ಕಾಣದು, ಎದೆಯೇ ಹೇಳಬೇಕು. ಸ್ವಲ್ಪ ಎಡಕ್ಕೆ ಸರಿದರೆ ಗಣಿಯ ಬಾವಿಯಿಂದ ಪಾಲಯ್ಯ ಹೆಸರು ಹಿಡಿದು ಕರೆದಂತಾಗುತ್ತಿತ್ತು. ಬಲಕ್ಕೆ ಸರಿದರೆ ಹೊನ್ನಿ ತೋಳಲ್ಲೇ ಸತ್ತಿದ್ದಾಳೆ ಅನ್ನಿಸುತ್ತಿತ್ತು. ನಡುವೆ ಮಾತ್ರ ಏನೂ ಇರಲಿಲ್ಲ. ಆ ಏನೂ ಇಲ್ಲದ್ದೂ ಅವಳಿಗೆ ಹೆದರಿಕೆಯೇ, ಹುಟ್ಟಿದಾಗಿನಿಂದ ಜೊತೆಗಿದ್ದ ಗುದ್ದು ಎದೆಯಲ್ಲಿ ಇರಲಿಲ್ಲ. ಮಗಳ ಮುಖವನ್ನು ಹೆಗಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಡೆದಳು.

ಕಾಲಿಗೆ ಇಳಿಜಾರಿನ ಹುಲ್ಲು ತಾಕಿದಾಗ ಕಣ್ಣು ತೆರೆದಳು. ಬೇಲಿ ಹಿಂದೆ ಉಳಿದಿತ್ತು. ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು.

"ಅವ್ವಾ, ಬಾಗ್ಲು ಬಡಿಯೋದು ನಿಲ್ಸವ್ರೆ," ಎಂದಳು ಹೊನ್ನಿ. ಅವಳ ತುಟಿ ಇನ್ನೂ ಪೂರಾ ಕೆಂಪಾಗಿರಲಿಲ್ಲ. ಆದರೆ ಗುಂಡಿಗೆ ತನ್ನದೇ ತಾಳದಲ್ಲಿ ಓಡುತ್ತಿತ್ತು.

ಮೇಲಿಂದ ಸ್ಪೀಕರಿನ ದನಿ ಗಾಳಿಯಲ್ಲಿ ತುಂಡು ತುಂಡಾಗಿ ಬರುತ್ತಿತ್ತು. "ಮಗಳು ಒಂದು ಮಾತೂ ಹೇಳದೆ ಹೊರಟಳು. ಆಗ ಡಾಕ್ಟರ್ ಮಂದ್ರ, ಜೀವಮಾನದಲ್ಲಿ ಮೊದಲನೇ ಸಲ, ಹಿಂದಿರುಗಿ ನೋಡಿದ. ನೋಡಿ ಏನಂದ ಅಂದ್ರೆ..."

ಗಾಳಿ ತಿರುಗಿತು. ಮುಂದಿನದು ಕೇಳಿಸಲಿಲ್ಲ. ರುದ್ರಾಣಿ ನಿಂತಳು. ನಾಲ್ಕು ಹೆಜ್ಜೆ ಮೇಲೆ ಹತ್ತಿದರೆ ಕೇಳಿಸೀತು. ಅವ್ವ ಅದನ್ನು ತನಗೇ ಹೇಳುತ್ತಿದ್ದಾಳೆ, ತನಗೆ ಮಾತ್ರ. ಓದು ಮುಗಿದ ಮೇಲೆ ಅವ್ವನ ಗತಿ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಕಾಲು ತಾನಾಗಿ ಮೇಲಕ್ಕೆ ತಿರುಗಿತು. ಮಗುವಿನ ಭಾರ ಅದನ್ನು ಕೆಳಕ್ಕೆ ತಿರುಗಿಸಿತು.

"ಅವ್ವಾ, ಅಜ್ಜಿ ಏನಂದ್ಲು?"

ರುದ್ರಾಣಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಂದಿನ ವಾರ ಹೇಳ್ತಾಳಂತೆ ಮಗಾ," ಎಂದು, ಹಿಂದಿರುಗಿ ನೋಡದೆ ಇಳಿಯತೊಡಗಿದಳು.